ಮಡಿಕೇರಿಯಲ್ಲಿ ನೋಟರಿ ಸೀಲು ಮಾಡಿಸಿದ್ದು: ಅಂಗಡಿ ಹೇಗಿದೆ, ಸೀಲು ಹೇಗೆ ಬಂತು

ನೋಟರಿ ಆದವರಿಗೆ ಸರ್ಕಾರ ಸರ್ಟಿಫಿಕೇಟು ಕೊಡುತ್ತದೆ, ಸೀಲು ಕೊಡುವುದಿಲ್ಲ. ಅದನ್ನು ನಾವೇ ಮಾಡಿಸಿಕೊಳ್ಳಬೇಕು. ಎಲ್ಲಿ ಮಾಡಿಸಬೇಕು, ಎಂಥದ್ದು ಮಾಡಿಸಬೇಕು ಅಂತ ಕೂತು ಹೇಳುವವರು ಯಾರೂ ಇಲ್ಲ. ಸೀನಿಯರನ್ನು ಕೇಳಿದರೆ "ಯಾವುದಾದರೂ ಸ್ಟಾಂಪ್ ಅಂಗಡಿಗೆ ಹೋಗಮ್ಮ, ಮಾಡಿಕೊಡ್ತಾರೆ" ಅಂದರು. ಅವರ ಸೀಲು ಎಷ್ಟು ಹಳೆಯದೆಂದರೆ ಸುತ್ತಿನ ಅಕ್ಷರಗಳಲ್ಲಿ ಅರ್ಧ ಸವೆದುಹೋಗಿ, ಅದು ಅವರದ್ದೇ ಎಂದು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕು. ಹಾಗಾಗಿ ನಾನು ಮಾಡಿಸಿದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಕೊಡಗಿನಲ್ಲಿ ಹೊಸದಾಗಿ ನೋಟರಿ ಆದವರಿಗೆ ಉಪಯೋಗಕ್ಕೆ ಬರಬಹುದು.

ನಾನು ವಿರಾಜಪೇಟೆಯಲ್ಲಿ ವಕೀಲಿಕೆ ಮಾಡುವವಳು. ಸಾಮಾನ್ಯವಾಗಿ ನೋಟರಿಗೆ ಅರ್ಜಿ ಹಾಕಲು 10 ವರ್ಷ ವಕೀಲಿಕೆ ಮಾಡಿರಬೇಕು. ಮಹಿಳೆಯರಿಗೆ 7 ವರ್ಷ ಸಾಕು. ಅರ್ಜಿ, ಸಂದರ್ಶನ, ಕಾಯುವುದು, ಈ ಪುರಾಣವೆಲ್ಲ ಇಲ್ಲಿ ಬೇಡ. ಸರ್ಟಿಫಿಕೇಟು ಕೈಗೆ ಬಂದ ಮೇಲಿನ ಕತೆಗೆ ಬರುತ್ತೇನೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡಿ, ಯಾಕೆಂದರೆ ಅಂಗಡಿಯವರಿಗೆ ನಾವು ಹೇಳಬೇಕಾದದ್ದು ಅದೇ. 1956ರ ನೋಟರಿ ನಿಯಮಗಳಲ್ಲಿ 12ನೆಯ ನಿಯಮ ಸೀಲಿನ ಬಗ್ಗೆ ಇದೆ. ಗುಂಡಗಿನ ಸಾದಾ ಸೀಲು. ವ್ಯಾಸ 5 ಸೆಂಟಿಮೀಟರ್. ಅದರಲ್ಲಿ ನೋಟರಿಯ ಹೆಸರು, ಯಾವ ಪ್ರದೇಶಕ್ಕೆ ನೇಮಕವಾಗಿದೆಯೋ ಅದರ ಹೆಸರು, ಸುತ್ತಲೂ 'ನೋಟರಿ' ಎಂಬ ಬರಹ, ನೇಮಿಸಿದ ಸರ್ಕಾರದ ಹೆಸರು. ಅಷ್ಟೇ. ನೋಂದಣಿ ಸಂಖ್ಯೆಯನ್ನೂ ಎಲ್ಲರೂ ಹಾಕಿಸುತ್ತಾರೆ, ನಾನೂ ಹಾಕಿಸಿದೆ. 'ಸಾದಾ' ಅಂದರೆ ಸಾದಾ. ಹೂವು, ಬಳ್ಳಿ, ತಕ್ಕಡಿ, ಕಣ್ಣು ಕಟ್ಟಿಕೊಂಡ ನ್ಯಾಯದೇವತೆ ಯಾವುದೂ ಬೇಡ.

ಇಲ್ಲೊಂದು ಅಡ್ಡಮಾತು. ನಾವು ವಕೀಲರು 138 ಅಂದ ತಕ್ಷಣ ಚೆಕ್ ಬೌನ್ಸ್ ಅನ್ನುತ್ತೇವೆ ಅಲ್ವಾ? 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಆ ನಂಬರು ಮೊದಲು ಇದ್ದದ್ದು ನೋಟರಿಗಳಿಗೆ. ನೋಟರಿಗಳನ್ನು ನೇಮಿಸುವ ಅಧಿಕಾರ ಆ ಸೆಕ್ಷನ್ನಿನಲ್ಲಿತ್ತು. 1952ರಲ್ಲಿ ನೋಟರಿ ಕಾಯ್ದೆಯೇ ಬೇರೆ ಬಂದಾಗ ಆ ಜಾಗ ಖಾಲಿಯಾಯಿತು. 1988ರ ತಿದ್ದುಪಡಿಯಲ್ಲಿ ಚೆಕ್ ಬೌನ್ಸನ್ನು ಅಲ್ಲಿ ತಂದು ಕೂರಿಸಿದರು. ನನ್ನ ಊಟ ನಡೆಯುತ್ತಿರುವುದೇ 138ರ ಕೇಸುಗಳಲ್ಲಿ. ಈಗ ಆ ನಂಬರಿನ ಹಳೇ ಬಾಡಿಗೆದಾರರಾದ ನೋಟರಿಗಳ ಸಾಲಿಗೂ ನಾನು ಸೇರಿದೆ.

ಸೀಲಿಗೆ ಬರೋಣ. ಬೆಂಗಳೂರಿನಲ್ಲಿರುವ ಮೈದುನ ಖುಷಿಗೆ ಆನ್‌ಲೈನಿನಲ್ಲಿ ಒಂದು ಸೀಲು ಆರ್ಡರ್ ಮಾಡಿ ಉಡುಗೊರೆ ಕಳಿಸಿದ. ಯಾವ ಜಾಲತಾಣ ಅಂತ ಹೇಳುವುದಿಲ್ಲ. ಪೆಟ್ಟಿಗೆ ಚಂದ, ಒಳಗೆ ಮಖಮಲ್ ಚೀಲ. ಸೀಲು ಒತ್ತಿ ಸ್ಕೇಲ್ ಇಟ್ಟು ನೋಡಿದರೆ 4 ಸೆಂಟಿಮೀಟರ್. ಮಧ್ಯದಲ್ಲಿ ನಾಲ್ಕು ಸಿಂಹದ ಲಾಂಛನ ಬೇರೆ. ಕೇಳಿದ್ದು ಯಾರು? ರಾಷ್ಟ್ರ ಲಾಂಛನವನ್ನು ಸುಮ್ನೆ ಯಾರು ಬೇಕಾದರೂ ಬಳಸುವ ಹಾಗಿಲ್ಲ, ಅದಕ್ಕೇ 2005ರ ಕಾಯ್ದೆ ಇದೆ. ಎಷ್ಟೋ ಕಡೆ ನೋಟರಿಗಳ ಬೋರ್ಡಿನಲ್ಲೂ ಸೀಲಿನಲ್ಲೂ ಸಿಂಹ ಕಾಣುತ್ತದೆ, ನಿಜ. ಪಕ್ಕದವರು ಹಾಕಿದ್ದಾರೆ ಅನ್ನುವುದು ಕೋರ್ಟಿನಲ್ಲಿ ನಿಲ್ಲುವ ವಾದ ಅಲ್ಲ.

ಆದರೆ ನನಗೆ ನಿಜವಾಗಿ ದಿಗಿಲಾದದ್ದು ಅಳತೆಗೂ ಅಲ್ಲ, ಸಿಂಹಕ್ಕೂ ಅಲ್ಲ. ಮೈದುನನ ಹತ್ತಿರ ಆ ಜಾಲತಾಣ ಒಂದೇ ಒಂದು ಕಾಗದ ಕೇಳಿರಲಿಲ್ಲ. ಹೆಸರು ಟೈಪ್ ಮಾಡಿದ, ದುಡ್ಡು ಕಟ್ಟಿದ, ಸೀಲು ಬಂತು. ಅವನು ಸಾಫ್ಟ್‌ವೇರ್ ಹುಡುಗ. ನನ್ನ ಹೆಸರಿನ ನೋಟರಿ ಸೀಲನ್ನು ಅವನು ತರಿಸಬಹುದು ಅಂದರೆ ನಾನು ಕೇಸಿನಲ್ಲಿ ಸೋಲಿಸಿದ ಎದುರುಪಾರ್ಟಿಯೂ ತರಿಸಬಹುದು. ನೋಟರಿ ಅಲ್ಲದವನು ನೋಟರಿ ಎಂದು ಹೇಳಿಕೊಂಡರೆ, ಸೀಲು ಬಳಸಿದರೆ ಜೈಲು ಶಿಕ್ಷೆ ಇದೆ, ನೋಟರಿ ಕಾಯ್ದೆಯ 12ನೆಯ ಸೆಕ್ಷನ್. ಅದು ಆಮೇಲಿನ ಮಾತು. ಮೊದಲನೆಯ ಬಾಗಿಲು ಸೀಲು ಮಾಡುವ ಅಂಗಡಿ. ಆ ಬಾಗಿಲಿಗೆ ಚಿಲಕ ಇರಬೇಕು.

ಚಿಲಕ ಇರುವ ಅಂಗಡಿ ನನಗೆ ಸಿಕ್ಕಿದ್ದು ಮಡಿಕೇರಿಯ ಮಹದೇವಪೇಟೆಯಲ್ಲಿ. ಹೆಸರು ಹಾಕುವುದಿಲ್ಲ. ಮಾಲೀಕರಿಗೆ ಅದು ಇಷ್ಟವಿಲ್ಲ, "ಇರುವ ಕೆಲಸವೇ ಸಾಕುಂಟು ಮೇಡಂ" ಅಂದರು. ಹುಡುಕಲು ಕಷ್ಟವೇನಿಲ್ಲ. ಮಡಿಕೇರಿ ಕೋರ್ಟಿನ ಯಾವ ಗುಮಾಸ್ತರನ್ನು ಕೇಳಿದರೂ ತೋರಿಸುತ್ತಾರೆ. ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲೇ ಕಾಯಬೇಕು, ಅಷ್ಟು ಚಿಕ್ಕ ಅಂಗಡಿ. ಮುಂದೆ ಗಾಜಿನ ಕಪಾಟು, ಅದರೊಳಗೆ ಸ್ಟಾಂಪ್ ಪ್ಯಾಡು, ಇಂಕಿನ ಬಾಟಲಿ, ತಾರೀಕು ತಿರುಗಿಸುವ ಸ್ಟಾಂಪು. ಹಿಂದೆ ಒಂದು ಕಂಪ್ಯೂಟರು, ಒಂದು ಮೆಷಿನು, ಒಂದು ಸಿಂಕು.

ವಿರಾಜಪೇಟೆಯಲ್ಲೂ ಸ್ಟಾಂಪು ಮಾಡಿಸಬಹುದು. ನಾನು ವಿಚಾರಿಸಿದಲ್ಲಿ ಗುಂಡು ಸೀಲನ್ನು ಬೇರೆ ಊರಿಗೆ ಕಳಿಸಿ ತರಿಸಿಕೊಡುತ್ತೇವೆ ಅಂದರು. ನನ್ನ ಸೀಲು ನನ್ನ ಕಣ್ಣೆದುರು ಆಗಬೇಕು ಎಂದು ಮನಸ್ಸಿಗೆ ಬಂದಿತ್ತು. ಮೂರ್ನಾಡಿನ ಮೇಲೆ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಹೇಗೂ ಜಿಲ್ಲಾ ಕೋರ್ಟಿಗೆ ಹೋಗುವುದು ಇದ್ದೇ ಇರುತ್ತದೆ.

"ನೋಟರಿ ಸೀಲು ಆಗಬೇಕಿತ್ತು ಅಣ್ಣ" ಅಂದೆ. ಅವರು ತಲೆ ಎತ್ತಲಿಲ್ಲ. "ಸರ್ಟಿಫಿಕೇಟು ಉಂಟಾ?" ಜೆರಾಕ್ಸ್ ಕೊಟ್ಟೆ. "ಒರಿಜಿನಲ್?" ಒರಿಜಿನಲ್ ತೋರಿಸಿದೆ. ಕನ್ನಡಕ ಮೂಗಿನ ತುದಿಗೆ ತಂದುಕೊಂಡು ಪೂರ್ತಿ ಓದಿದರು. ಆಮೇಲೆ ಆಧಾರ್ ಕಾರ್ಡು ಕೇಳಿದರು. ಅದರಲ್ಲಿ ಒಂದು ತೊಡಕಿತ್ತು. ನಮ್ಮ ಕೊಡವರಲ್ಲಿ ಮನೆತನದ ಹೆಸರು ಮುಂದೆ, ನಮ್ಮ ಹೆಸರು ಹಿಂದೆ. ಮದುವೆಯಾದ ಮೇಲೆ ಮನೆತನದ ಹೆಸರು ಬದಲಾಗುತ್ತದೆ. ನನ್ನ ಸನ್ನದಿನಲ್ಲಿ, ಅಂದರೆ ವಕೀಲಿಕೆಯ ಪರವಾನಗಿಯಲ್ಲಿ, ಇರುವುದು ತವರುಮನೆಯ ಹೆಸರು, ನೋಟರಿ ಸರ್ಟಿಫಿಕೇಟು ಬಂದದ್ದೂ ಅದರಲ್ಲೇ. ಆಧಾರಿನಲ್ಲಿ ಗಂಡನ ಮನೆಯದು. ಅಣ್ಣ ಎರಡನ್ನೂ ಪಕ್ಕಪಕ್ಕ ಇಟ್ಟು, "ಮೇಡಂ, ಫೋಟೋ ನಿಮ್ಮದೇ, ಹೆಸರು ಬೇರೆ. ಬಾರ್ ಕೌನ್ಸಿಲ್ ಕಾರ್ಡು ಉಂಟಾ?" ಅಂದರು. ಅದನ್ನೂ ತೆಗೆದೆ. ಆಗ ಸಮಾಧಾನವಾಯಿತು. "ಸೀಲಿನಲ್ಲಿ ಸರ್ಟಿಫಿಕೇಟಿನ ಹೆಸರೇ ಬರಬೇಕು, ಒಂದು ಇನಿಷಿಯಲ್ ಸಹ ಆಚೀಚೆ ಮಾಡುದಿಲ್ಲ." ಬೇರೆ ಯಾರಾದರೂ ಇದನ್ನು ಕಿರಿಕಿರಿ ಅನ್ನಬಹುದು. ನನಗೆ ಆ ಘಳಿಗೆಯಲ್ಲೇ ಅಂಗಡಿ ಇಷ್ಟವಾಯಿತು.

ಇನ್ನೊಂದು ನೋಡಿ. ಅವರ ಹತ್ತಿರ ಉದ್ದನೆಯ ಲೆಡ್ಜರ್ ಪುಸ್ತಕ ಇದೆ. ಮಾಡಿಕೊಟ್ಟ ಪ್ರತಿ ಅಧಿಕೃತ ಸೀಲನ್ನೂ ಅದರಲ್ಲಿ ಒಮ್ಮೆ ಒತ್ತುತ್ತಾರೆ. ಪಕ್ಕದಲ್ಲಿ ತಾರೀಕು, ತೆಗೆದುಕೊಂಡವರ ಸಹಿ, ಫೋನ್ ನಂಬರು. ನನ್ನದು ಒತ್ತುವ ಪುಟದಲ್ಲಿ ಮೇಲೆ ಯಾವುದೋ ಗ್ರಾಮ ಪಂಚಾಯಿತಿಯ ಪಿಡಿಒ ಸೀಲು, ಅದರ ಕೆಳಗೆ ಒಂದು ಶಾಲೆಯ ಮುಖ್ಯೋಪಾಧ್ಯಾಯರದ್ದು, ಒಂದು ಸಹಕಾರ ಸಂಘದ ಕಾರ್ಯದರ್ಶಿಯದ್ದು. ಕೆಲವು ವಕ್ರ, ಕೆಲವು ನೆಟ್ಟಗೆ. ಕಾನೂನು ಅವರಿಗೆ ಇದನ್ನು ಮಾಡಿ ಅಂತ ಹೇಳಿದ್ದಲ್ಲ. "ನಾಳೆ ಪೊಲೀಸರು ಬಂದು ಕೇಳಿದರೆ ನನಗೂ ಏನಾದರೂ ಬೇಕಲ್ಲ" ಅಂದರು. ನಮಗೆ ನೋಟರಿ ರಿಜಿಸ್ಟರ್ ಇಡಬೇಕೆಂಬ ನಿಯಮ ಇದೆ. ಬಳಸಲು ಶುರು ಮಾಡುವ ಮೊದಲು ಎಷ್ಟು ಪುಟ ಇದೆ ಎಂದು ಮೊದಲ ಪುಟದಲ್ಲಿ ಬರೆದು ಸಹಿ ಹಾಕಬೇಕು. ಈ ಮನುಷ್ಯ ಯಾವ ನಿಯಮವೂ ಇಲ್ಲದೆ ತನ್ನಷ್ಟಕ್ಕೆ ಇಟ್ಟುಕೊಂಡಿದ್ದಾರೆ.

ಸೀಲು ಆಗುವುದನ್ನು ನಿಂತು ನೋಡಿದೆ. ನೋಡಲೇಬೇಕಾದ ಕೆಲಸ ಅದು. ಮೊದಲು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತಾರೆ. ಅದನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ನೆಗೆಟಿವ್ ಆಗಿ ಪ್ರಿಂಟ್ ತೆಗೆಯುತ್ತಾರೆ, ಅಂದರೆ ಹಾಳೆಯೆಲ್ಲ ಕಪ್ಪು, ಅಕ್ಷರ ಇರುವಲ್ಲಿ ಮಾತ್ರ ಪಾರದರ್ಶಕ. ಗಾಜಿನ ಮೇಲೆ ಆ ಹಾಳೆ, ಅದರ ಮೇಲೆ ತೆಳು ಫಿಲ್ಮು. ಸುತ್ತ ಅಂಚು ಕಟ್ಟಿ ಮಧ್ಯಕ್ಕೆ ಪಾಲಿಮರ್ ಸುರಿಯುತ್ತಾರೆ. ಮಂದವಾಗಿ, ನಿಧಾನಕ್ಕೆ ಹರಡಿಕೊಳ್ಳುತ್ತದೆ. ಗಾಳಿಯ ಗುಳ್ಳೆ ಇದ್ದರೆ ಸೂಜಿ ತೆಗೆದುಕೊಂಡು ಒಂದೊಂದನ್ನೇ ಅಂಚಿಗೆ ತಳ್ಳಿ ಒಡೆಯುತ್ತಾರೆ. ಒಂದು ಗುಳ್ಳೆ ಉಳಿದರೂ ಆ ಜಾಗದಲ್ಲಿ ಅಕ್ಷರ ತೂತು ಬೀಳುತ್ತದೆಯಂತೆ. ಆಮೇಲೆ ಮೆಷಿನಿಗೆ ಇಟ್ಟು ನೇರಳಾತೀತ ಬೆಳಕು ಬಿಡುತ್ತಾರೆ. ಬೆಳಕು ಎಲ್ಲಿ ತೂರಿತೋ ಅಲ್ಲಿ ಪಾಲಿಮರ್ ಗಟ್ಟಿ, ಕಪ್ಪು ತಡೆದಲ್ಲಿ ಹಾಗೇ ಅಂಟಂಟು. ಸಿಂಕಿನಲ್ಲಿ ಸೋಪುನೀರು ಹಾಕಿ ಬ್ರಷ್ಷಿನಿಂದ ತಿಕ್ಕಿದರೆ ಅಂಟು ತೊಳೆದುಹೋಗಿ ಅಕ್ಷರಗಳು ಎದ್ದು ನಿಲ್ಲುತ್ತವೆ. ಮತ್ತೊಮ್ಮೆ ಬೆಳಕು ಕೊಟ್ಟು ಗಟ್ಟಿ ಮಾಡಿ, ಕತ್ತರಿಯಲ್ಲಿ ಸುತ್ತ ಕತ್ತರಿಸಿ, ಹಿಡಿಗೆ ಅಂಟಿಸುತ್ತಾರೆ.

ಬೆಳಕು ಬಿಟ್ಟಿರುವಾಗ ಕರೆಂಟು ಹೋದರೆ ಆ ತುಂಡು ಹಾಳು. ಮಡಿಕೇರಿಯಲ್ಲಿ ಕರೆಂಟು ಹೋಗದ ದಿನ ಯಾವುದು? ನನ್ನದೂ ಒಂದು ಹಾಗೇ ಅರ್ಧದಲ್ಲಿ ನಿಂತಿತು. ಯುಪಿಎಸ್ ಕಂಪ್ಯೂಟರಿಗೆ ಮಾತ್ರ ಇದೆ, ಮೆಷಿನಿಗೆ ಇಲ್ಲ. ಇದು ಅಂಗಡಿಯ ದೊಡ್ಡ ಕೊರತೆ, ಅವರಿಗೇ ಹೇಳಿ ಬಂದಿದ್ದೇನೆ. ಆದರೆ ಹಾಳಾದ ತುಂಡನ್ನು ಅವರು ಕಸದ ಬುಟ್ಟಿಗೆ ಎಸೆಯಲಿಲ್ಲ. ನನ್ನ ಮುಂದೆಯೇ ಕತ್ತರಿಯಿಂದ ಹೆಸರಿನ ಮೇಲೆ ಅಡ್ಡಡ್ಡ ನಾಲ್ಕಾರು ಬಾರಿ ಕತ್ತರಿಸಿ, ಚೂರುಗಳನ್ನು ನನ್ನ ಕೈಗೇ ಕೊಟ್ಟರು. ಕೆಲಸ ಮುಗಿದ ಮೇಲೆ ನೆಗೆಟಿವ್ ಹಾಳೆಯನ್ನೂ ಕೊಡಿ ಅಂದೆ, ಕೊಟ್ಟರು. ನೀವು ಎಲ್ಲಿ ಮಾಡಿಸಿದರೂ ಇವೆರಡನ್ನು ಕೇಳಿ ಪಡೆಯಿರಿ. ಕಂಪ್ಯೂಟರಿನಲ್ಲಿರುವ ಫೈಲನ್ನೂ ಅಳಿಸಿ ಅಂತ ಹೇಳಿ.

ಮೊದಲ ಸೀಲನ್ನು ಒತ್ತಿದ ರೀತಿಯೂ ಹಿಡಿಸಿತು. ಸಾಮಾನ್ಯವಾಗಿ ಅಂಗಡಿಯವರು ಒಂದು ತೆಳು ಬಿಳಿ ಚೀಟಿಯ ಮೇಲೆ ಒತ್ತಿ ತೋರಿಸುತ್ತಾರೆ. ಅದರ ಮೇಲೆ ಯಾವ ಸೀಲಾದರೂ ಚಂದವೇ. ಇವರು "ನೀವು ಹಾಕುವುದು ಯಾವ ಕಾಗದಕ್ಕೆ?" ಎಂದು ಕೇಳಿ, ಗ್ರೀನ್ ಲೆಡ್ಜರ್ ಹಾಳೆ (ಕೋರ್ಟಿನ ಕಾಗದಗಳಿಗೆ ಬಳಸುವ ದಪ್ಪ ಹಸಿರು ಹಾಳೆ), ಬಾಂಡ್ ಪೇಪರ್, ಜೆರಾಕ್ಸ್ ಹಾಳೆ ಮೂರರ ಮೇಲೂ ಒತ್ತಿದರು. ಜೆರಾಕ್ಸ್ ಹಾಳೆಯ ಮೇಲೆ ಚೊಕ್ಕ. ಲೆಡ್ಜರ್ ಹಾಳೆಯ ಮೇಲೆ ಒಳಸುತ್ತಿನ ಅಕ್ಷರಗಳು ಹರಡಿಕೊಂಡವು. ಕಾರಣ ನನ್ನ ಹೆಸರೇ. ಮನೆತನದ ಹೆಸರು, ನನ್ನ ಹೆಸರು, ತಂದೆಯ ಹೆಸರಿನ ಅಕ್ಷರ ಎಲ್ಲ ಸೇರಿ ಸುತ್ತಿನಲ್ಲಿ ಉಸಿರಾಡಲು ಜಾಗ ಇಲ್ಲ. ಅಕ್ಷರ ಸಣ್ಣ ಮಾಡಿದರೆ ಇಂಕು ತುಂಬುತ್ತದೆ, ದೊಡ್ಡದು ಮಾಡಿದರೆ ಹಿಡಿಸುವುದಿಲ್ಲ. 5 ಸೆಂಟಿಮೀಟರ್ ದಾಟುವ ಹಾಗೂ ಇಲ್ಲ. ಅವರು ಹೊರಗಿನ ಎರಡು ಗೆರೆಗಳಲ್ಲಿ ಒಂದನ್ನು ತೆಗೆದು, ಹೆಸರನ್ನು ಸುತ್ತಿನಿಂದ ಮಧ್ಯಕ್ಕೆ ತಂದು ಎರಡು ಸಾಲು ಮಾಡಿದರು. ಸುತ್ತಿನಲ್ಲಿ 'ನೋಟರಿ' ಮತ್ತು ಸರ್ಕಾರದ ಹೆಸರು ಉಳಿಯಿತು. ಹಾಗೆ ಮಾಡಿದ್ದೇ ಸೀಲು ತಿಳಿಯಾಯಿತು.

ಸೀಲು ಕನ್ನಡದಲ್ಲಿ ಇರಲಿ ಎಂಬ ಆಸೆ ಇತ್ತು. ನನ್ನ ಹತ್ತಿರ ಬರುವ ಕಾಗದಗಳಲ್ಲಿ ಸೇನೆಯಲ್ಲಿರುವವರ ಜಿಪಿಎ (ಮುಖ್ತ್ಯಾರ್ ಪತ್ರ) ಜಾಸ್ತಿ, ಹೊರದೇಶಕ್ಕೆ ಹೋಗುವ ಮಕ್ಕಳ ದಾಖಲೆಗಳೂ ಇರುತ್ತವೆ. ಅವು ಎಲ್ಲೆಲ್ಲೋ ಹೋಗಿ ಯಾರ್ಯಾರೋ ಓದುತ್ತಾರೆ. ಹಾಗಾಗಿ ಗುಂಡು ಸೀಲು ಇಂಗ್ಲಿಷಿನಲ್ಲಿ, ಹೆಸರು ವಿಳಾಸದ ಉದ್ದ ಸೀಲು ಕನ್ನಡದಲ್ಲಿ ಎಂದು ಮಾಡಿಕೊಂಡೆ. ಕನ್ನಡದ್ದಕ್ಕೆ ಅಣ್ಣ ಒಂದು ಎಚ್ಚರಿಕೆ ಹೇಳಿದರು: ಅಕ್ಷರ ತೀರಾ ಸಣ್ಣದಾದರೆ ಒತ್ತಕ್ಷರಗಳ ಹೊಟ್ಟೆಯೊಳಗೆ ಇಂಕು ಕೂತು ಮುದ್ದೆಯಾಗುತ್ತದೆ. ಆದ್ದರಿಂದ ಸಾಲುಗಳ ನಡುವೆ ಅಂತರ ಜಾಸ್ತಿ ಬಿಟ್ಟು, ದಪ್ಪ ಅಲ್ಲದ ಫಾಂಟ್ ಹಾಕಿದರು. ಒತ್ತಿ ನೋಡಿದಾಗ 'ವಕೀಲರು' ಎಂಬುದು ಚೊಕ್ಕವಾಗಿ ಬಂದರೆ ಸಾಲದು, 'ಜಿಲ್ಲೆ' ಎಂಬಂಥ ಒತ್ತಕ್ಷರದ ಪದವೂ ಚೊಕ್ಕವಾಗಿ ಬಂದರೆ ಮಾತ್ರ ಸೀಲು ಪಾಸು ಅಂತ ಅವರ ಲೆಕ್ಕ.

ಗುಂಡು ಸೀಲೊಂದೇ ಇದ್ದರೆ ಸಾಲದು. 'ನನ್ನ ಸಮಕ್ಷಮ ಪ್ರಮಾಣೀಕರಿಸಿ ಸಹಿ ಮಾಡಿದ್ದಾರೆ' ಎಂಬುದಕ್ಕೆ ಒಂದು, ಮೂಲಪ್ರತಿ ನೋಡಿ ದೃಢೀಕರಿಸಿದ ನಕಲಿಗೆ ಒಂದು, ರಿಜಿಸ್ಟರಿನ ಕ್ರಮಸಂಖ್ಯೆ ಮತ್ತು ತಾರೀಕು ತುಂಬಲು ಒಂದು. ನಮ್ಮ ಕಡೆ ಅಫಿಡವಿಟ್ಟಿನ ಕೆಳಗೆ 'ತಿದ್ದುಪಡಿಗಳ ಸಂಖ್ಯೆ' ಎಂದು ಬರೆಯುವ ರೂಢಿ ಇದೆಯಲ್ಲ, ಅದಕ್ಕೂ ಒಂದು ಪುಟ್ಟ ಸೀಲು ಮಾಡಿಸಿ. ದಿನಕ್ಕೆ ಎಷ್ಟು ಸಲ ಬರೆಯುತ್ತೀರಿ! ಸರ್ಟಿಫಿಕೇಟಿನ ಅವಧಿ 5 ವರ್ಷ. ಅದು ಮುಗಿಯುವ ತಾರೀಕನ್ನು ಗುಂಡು ಸೀಲಿನೊಳಗೆ ಹಾಕಿಸಬೇಡಿ, ಬೇರೆ ಚಿಕ್ಕ ಸೀಲು ಮಾಡಿಸಿ. ನವೀಕರಣ ಆದಾಗ ಚಿಕ್ಕದನ್ನು ಬದಲಾಯಿಸಿದರೆ ಮುಗಿಯಿತು.

ತಾನೇ ಇಂಕು ಹಾಕಿಕೊಳ್ಳುವ ಸೀಲು ಒಳ್ಳೆಯದೋ, ಪ್ಯಾಡಿಗೆ ಒತ್ತಿ ಹಾಕುವ ಹಿಡಿ ಸೀಲು ಒಳ್ಳೆಯದೋ ಎಂದು ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯ ಸ್ಪಷ್ಟ: ಉದ್ದ ಸೀಲುಗಳು ಸೆಲ್ಫ್ ಇಂಕ್ ಇರಲಿ, ಗುಂಡಗಿನದು ಹಿಡಿಯದ್ದೇ ಇರಲಿ. 5 ಸೆಂಟಿಮೀಟರಿನ ಸೆಲ್ಫ್ ಇಂಕ್ ಸಿಗುತ್ತದೆ, ಅಂಗಡಿಯಲ್ಲೂ ಇತ್ತು, ಟ್ರೋಡಾಟ್ ಕಂಪನಿಯದ್ದು. ಒತ್ತಿ ನೋಡಿದೆ. ಅಷ್ಟು ಅಗಲಕ್ಕೆ ಬಲ ಸಮನಾಗಿ ಬೀಳಬೇಕಾದರೆ ಎದ್ದು ನಿಂತೇ ಒತ್ತಬೇಕು, ಕೂತು ಒತ್ತಿದರೆ ಒಂದು ಮಗ್ಗುಲು ಮಸುಕು. ಹಿಡಿಯದ್ದಾದರೆ ಕೈ ಸ್ವಲ್ಪ ಓಲಾಡಿಸಿ ಎಲ್ಲ ಕಡೆ ತಾಗಿಸಬಹುದು. ಪ್ಯಾಡು ಮಾತ್ರ ದೊಡ್ಡದು ಬೇಕು, ಚಿಕ್ಕ ಪ್ಯಾಡಿನಲ್ಲಿ ಗುಂಡು ಸೀಲಿನ ಅಂಚು ಹೊರಗೇ ಉಳಿಯುತ್ತದೆ. ನೇರಳೆ ಇಂಕು ತೆಗೆದುಕೊಂಡೆ. ನಮ್ಮ ಕಕ್ಕಡ ತಿಂಗಳ (ಆಟಿ ಅನ್ನುತ್ತಾರಲ್ಲ, ಅದು) ಹದಿನೆಂಟರ ದಿನ ಮದ್ದುಸೊಪ್ಪಿನ ಪಾಯಸ ಮಾಡಿದ ಪಾತ್ರೆಯ ತಳದಂಥ ಬಣ್ಣ. ಬೆರಳಿಗೆ ಹತ್ತಿದರೆ ಅದರಷ್ಟೇ ಹಟ. ಎಣ್ಣೆ ಬೆರೆತ ಇಂಕು ಪಾಲಿಮರನ್ನು ಉಬ್ಬಿಸಿ ಹಾಳು ಮಾಡುತ್ತದೆ, ಆದ್ದರಿಂದ ಸಿಕ್ಕಿದ ಬಾಟಲಿ ಸುರಿಯಬೇಡಿ.

ಇನ್ನು ಉಬ್ಬು ಸೀಲು, ಕೆಂಪು ಚೀಟಿ. ಕಾಗದವನ್ನು ನಡುವೆ ಇಟ್ಟು ಹಿಡಿ ಒತ್ತಿದರೆ ಅಕ್ಷರ ಉಬ್ಬಿ ಬರುವ ಕಬ್ಬಿಣದ ಪ್ರೆಸ್ಸು ನೋಡಿರುತ್ತೀರಿ. ಹಲ್ಲುಹಲ್ಲಿನ ಅಂಚಿನ ಕೆಂಪು ಚೀಟಿ ಅಂಟಿಸಿ ಅದರ ಮೇಲೆ ಒತ್ತುವುದು ರೂಢಿ. 12ನೆಯ ನಿಯಮದಲ್ಲಿ ಕೆಂಪು ಚೀಟಿಯ ಮಾತೇ ಇಲ್ಲ. ಆದರೆ ನಮ್ಮ ಕಾಫಿ ತೋಟದ ಅಜ್ಜಂದಿರ ಮುಂದೆ ನಿಯಮ ಓದಿ ಪ್ರಯೋಜನವಿಲ್ಲ. ವಂಶವೃಕ್ಷದ ಅಫಿಡವಿಟ್ ಮಾಡಿಸಲು ಬಂದ ಒಬ್ಬರು ಸಹಿ, ಸೀಲು ಎಲ್ಲ ನೋಡಿ, ಹಾಳೆ ತಿರುಗಿಸಿ ಮುರುಗಿಸಿ, "ಕೆಂಪು ಎಲ್ಲಮ್ಮಾ? ನಿಮ್ಮ ಸೀನಿಯರ್ ಹಾಕ್ತಿದ್ದರು" ಅಂದರು. ಹಾಕಿದೆ. ಹೋಗುವಾಗ ಬೆರಳಿನಿಂದ ಸವರಿ ನೋಡಿಕೊಂಡೇ ಹೋದರು. ಅವರದ್ದೂ ತಪ್ಪಲ್ಲ. ಇಂಕಿನ ಸೀಲನ್ನು ಕಲರ್ ಜೆರಾಕ್ಸ್ ಮಾಡಿದರೆ ಅಸಲಿಯಂತೆಯೇ ಕಾಣುತ್ತದೆ, ಉಬ್ಬು ಮಾತ್ರ ಕೈಗೆ ಗೊತ್ತಾಗುತ್ತದೆ. ಒತ್ತುವಾಗ ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ ಬರುವ ಹಾಗೆ ಒತ್ತಿ. ಚೀಟಿ ಕಿತ್ತು ಇನ್ನೊಂದಕ್ಕೆ ಅಂಟಿಸಲು ಆಗುವುದಿಲ್ಲ.

ಈ ಉಬ್ಬು ಸೀಲಿನ ವಿಷಯದಲ್ಲಿ ಅಂಗಡಿಗೆ ನಾನು ಒಳ್ಳೆ ಅಂಕ ಕೊಡಲಾರೆ. ಹಿತ್ತಾಳೆಯ ಅಚ್ಚು ಇಲ್ಲಿ ಮಾಡುವುದಿಲ್ಲ, ಮೈಸೂರಿನಿಂದ ಬರಬೇಕು. 'ಮುಂದಿನ ವಾರ' ಎಂದರು. ಯಾವ ವಾರದ ಮುಂದಿನದು ಎಂದು ಹೇಳಲಿಲ್ಲ. ಫೋನ್ ಮಾಡಿದಾಗಲೆಲ್ಲ "ಬಸ್ಸಿಗೆ ಹಾಕಿದ್ದಾರಂತೆ ಮೇಡಂ" ಎಂಬ ಒಂದೇ ಉತ್ತರ. ಕೊನೆಗೆ ಬಂದಾಗ ಮೇಲಿನ ಅಚ್ಚು, ಕೆಳಗಿನ ಅಚ್ಚು ಕೂದಲೆಳೆಯಷ್ಟು ಆಚೀಚೆ ಆಗಿ, ಒಂದಕ್ಕೊಂದು ಹೊಂದಿರಲಿಲ್ಲ. ಎಡಗಡೆ ಉಬ್ಬು ಚೆನ್ನಾಗಿದೆ, ಬಲಗಡೆ ಕಾಗದ ಹರಿಯುತ್ತಿದೆ. ಅಣ್ಣ ಸ್ಕ್ರೂ ಸಡಿಲಿಸಿ ಅರ್ಧ ಗಂಟೆ ಕೂತು ಸರಿಮಾಡಿಕೊಟ್ಟರು, ಅದಕ್ಕೆ ದುಡ್ಡು ಕೇಳಲಿಲ್ಲ. ಆದರೂ ತಡ ತಡವೇ. ಪ್ರೆಸ್ಸು ಅರ್ಜೆಂಟಾಗಿ ಬೇಕಿದ್ದವರು ನೇರ ಮೈಸೂರಿಗೆ ಹೋಗುವುದೇ ವಾಸಿ.

ಮಳೆಗಾಲದ್ದು ಒಂದಿಷ್ಟು ಹೇಳಿಬಿಡುತ್ತೇನೆ, ಬಯಲುಸೀಮೆಯವರಿಗೆ ಇದು ಗೊತ್ತಾಗುವುದಿಲ್ಲ. ಜೂನ್ ಕಳೆದು ಕಕ್ಕಡ ಬರುವಷ್ಟರಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು, ಫೈಲಿಗೂ ಬೂಷ್ಟು. ಕೆಂಪು ಚೀಟಿಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ. ಪ್ರೆಸ್ಸಿನ ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತದೆ. ಕಾಗದ ತೇವ ಕುಡಿದು ಮೆತ್ತಗಾಗಿರುವುದರಿಂದ ಇಂಕು ಹರಡುತ್ತದೆ, ಉಬ್ಬು ನಿಲ್ಲುವುದಿಲ್ಲ, ಸಂಜೆಗೆ ಚಪ್ಪಟೆ. ನಾನು ಬಟ್ಟೆ ಬೀರುವಿಗೆ ಬಲ್ಬು ಹಾಕುವ ಹಾಗೆ ಆಫೀಸಿನ ಬೀರುವಿಗೂ ಒಂದು ಸಣ್ಣ ಬಲ್ಬು ಹಾಕಿಸಿ, ಲೆಡ್ಜರ್ ಹಾಳೆ, ಚೀಟಿ, ಸೀಲು ಎಲ್ಲ ಅದರಲ್ಲೇ ಇಡುತ್ತೇನೆ. ಪ್ರೆಸ್ಸಿಗೆ ಹೊಲಿಗೆ ಮೆಷಿನಿನ ಎಣ್ಣೆ ಒಂದೆರಡು ಹನಿ. ಪ್ಯಾಡಿನ ಮುಚ್ಚಳ ಹಾಕುವುದು ಮರೆಯಬಾರದು. ಬೀರುವಿಗೆ ಬೀಗ ಹಾಕಿ, ಕೀಲಿ ಗುಮಾಸ್ತರ ಹತ್ತಿರ ಬೇಡ, ನಿಮ್ಮ ಹತ್ತಿರವೇ ಇರಲಿ. ಗುಮಾಸ್ತರು ಎಷ್ಟೇ ನಂಬಿಕಸ್ತರಾದರೂ.

ಸೀಲು ಕೈಗೆ ಬಂದದ್ದು ಊರಿಗೆ ಗೊತ್ತಾದ ಮೇಲೆ ಜನ ಏನೇನು ತರುತ್ತಾರೆ ಎಂಬುದಕ್ಕೂ ತಯಾರಾಗಿರಿ. ಒಂದು ಜೋಡಿ ಬಂದು, "ಮೇಡಂ, ಮದುವೆ ಅಫಿಡವಿಟ್ ಮಾಡಿ ಸೀಲು ಹಾಕಿ, ಸಾಕು" ಎಂದರು. ನೋಟರಿ ಮದುವೆ ಅಧಿಕಾರಿಯಲ್ಲ. ಮದುವೆ, ವಿಚ್ಛೇದನದ ಪತ್ರಗಳನ್ನು ನೋಟರಿಗಳು ಮಾಡಬಾರದು ಎಂದು ಕೇಂದ್ರ ಕಾನೂನು ಇಲಾಖೆ 2024ರ ಅಕ್ಟೋಬರಿನಲ್ಲಿ ಮತ್ತೆ ಹೇಳಿದೆ. ಸಬ್ ರಿಜಿಸ್ಟ್ರಾರ್ ಆಫೀಸಿನ ದಾರಿ ತೋರಿಸಿದೆ. ಹುಡುಗನಿಗೆ ಸ್ವಲ್ಪ ಬೇಜಾರಾಯಿತು, ಹುಡುಗಿ ಆಗಲೇ ಗೂಗಲ್ ಮ್ಯಾಪ್ ತೆಗೆದಿದ್ದಳು.

ದುಡ್ಡಿನ ಲೆಕ್ಕ. ಗುಂಡು ಸೀಲಿಗೆ 350 ರೂಪಾಯಿ, ಸೆಲ್ಫ್ ಇಂಕ್ ಉದ್ದ ಸೀಲುಗಳು ಅಳತೆಯ ಮೇಲೆ ಒಂದಕ್ಕೆ 400ರಿಂದ 600, ಉಬ್ಬು ಪ್ರೆಸ್ಸಿಗೆ 2200. ಮೈದುನನ ಮಖಮಲ್ ಚೀಲದ ಸೀಲಿಗಿಂತ ಗುಂಡು ಸೀಲು ಅಗ್ಗವೇ. ಕರೆಂಟು ಹೋಗಿ ಹಾಳಾದ ತುಂಡಿಗೆ, ಗೆರೆ ತೆಗೆದು ಮತ್ತೆ ಮಾಡಿದ್ದಕ್ಕೆ ಏನೂ ಹಾಕಲಿಲ್ಲ. ಚೌಕಾಸಿ ಮಾಡಿದರೆ ಒಂದು ರೂಪಾಯಿಯೂ ಬಿಡುವುದಿಲ್ಲ, ಅವರ ನಗು ನೋಡಿದರೇ ಗೊತ್ತಾಗುತ್ತದೆ. ಬಿಲ್ಲು ಕೇಳಿದರೆ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ. ನಾವು ಪಡೆದ ಫೀಸಿಗೆ ರಸೀದಿ ಕೊಡಬೇಕೆಂದು ನಿಯಮ ಇದೆ, ನಾವು ಕೊಟ್ಟ ದುಡ್ಡಿಗೂ ಇರಲಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಹೋದದ್ದು ಪ್ರೆಸ್ಸು ತಡವಾದದ್ದಕ್ಕೆ ಮತ್ತು ಮೆಷಿನಿಗೆ ಯುಪಿಎಸ್ ಇಲ್ಲದ್ದಕ್ಕೆ. ಉಳಿದ ನಾಲ್ಕರಲ್ಲಿ ಎರಡು ಆ ಲೆಡ್ಜರ್ ಪುಸ್ತಕಕ್ಕೇ.

ಹೋಗುವವರಿಗೆ: ಶುಕ್ರವಾರ ಬೇಡ, ಸಂತೆಯ ದಿನ ಮಹದೇವಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶನಿವಾರ ಭಾನುವಾರ ಪ್ರವಾಸಿಗಳ ಕಾರು. ಗಾಡಿಯನ್ನು ದೂರದಲ್ಲೇ ನಿಲ್ಲಿಸಿ ನಡೆದುಕೊಂಡು ಹೋಗಿ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ಒಂದೂವರೆಯೊಳಗೆ ತಲುಪಿದರೆ ಒಳ್ಳೆಯದು. ಸರ್ಟಿಫಿಕೇಟಿನ ಒರಿಜಿನಲ್, ಬಾರ್ ಕೌನ್ಸಿಲ್ ಕಾರ್ಡು, ಆಧಾರ್ ಮೂರೂ ಇರಲಿ. ಇನ್ನೊಬ್ಬರ ಕೈಯಲ್ಲಿ ಕಳಿಸಿದರೆ ಮಾಡುವುದಿಲ್ಲ, ನೀವೇ ಹೋಗಬೇಕು. ನನ್ನ ಸೀನಿಯರ್ ತಮ್ಮ ಸವೆದ ಸೀಲು ಬದಲಾಯಿಸಲು ಗುಮಾಸ್ತರನ್ನು ಕಳಿಸಿದ್ದರು, ಅವರು ಬರಿಗೈಯಲ್ಲಿ ವಾಪಸ್ ಬಂದಿದ್ದಾರೆ.